ಸಲಿಗೆಯ ಸಂಕೋಚ: ಆದಿಕಾಲದ ಕಿರು ನಗೆಚಿತ್ರಗಳ ಒಂದು ಸಮೀಕ್ಷೆ

೧. ಪ್ರಸ್ತಾವನೆ

ಅರಸರ ವಂಶಾವಳಿಗೆ ಶಾಸನಗಳುಂಟು, ಕಂದಾಯಕ್ಕೆ ಕಡತಗಳುಂಟು, ಯುದ್ಧಗಳಿಗೆ ಬಖೈರುಗಳುಂಟು. ಆದರೆ ಒಂದು ಕಾಲದ ಜನರು ಯಾವುದಕ್ಕೆ ನಾಚುತ್ತಿದ್ದರು, ಯಾರೆದುರಿಗೆ ನಾಚುತ್ತಿದ್ದರು ಎಂಬುದಕ್ಕೆ ಇತಿಹಾಸಕಾರನಿಗೆ ಆಧಾರ ದೊರೆಯುವುದು ಕಷ್ಟ. ಹುಣಸಗಿಯ ಸೀಮೆಯು ಪ್ರಾಗೈತಿಹಾಸಿಕ ಮಾನವನ ಕಲ್ಲಿನ ಕೈಗೊಡಲಿಗಳಿಂದ ವಿದ್ವತ್ಪ್ರಪಂಚಕ್ಕೆ ಪರಿಚಿತವಾದುದು. ಲಕ್ಷಾಂತರ ವರ್ಷಗಳ ಹಿಂದಿನ ಕಲ್ಲು ಉಳಿದಿದೆ. ಅದನ್ನು ಹಿಡಿದ ಕೈಯ ಲಜ್ಜೆಯಾಗಲಿ ಸಲಿಗೆಯಾಗಲಿ ಉಳಿದಿಲ್ಲ. ಅಂತಹ ವಿಷಯಗಳು ಉಳಿಯುವುದಾದರೆ ಹಾಡಿನಲ್ಲಿ, ಗಾದೆಯಲ್ಲಿ, ಆಟದಲ್ಲಿ, ವಿಶೇಷವಾಗಿ ನಗೆಯಲ್ಲಿ ಉಳಿಯುತ್ತವೆ. ಯಾವುದಕ್ಕೆ ಒಂದು ಸಮಾಜವು ನಗುತ್ತದೆಯೋ ಅದರ ಹತ್ತಿರದಲ್ಲಿಯೇ ಅದರ ಸಂಕೋಚವೂ ಅಡಗಿರುತ್ತದೆ.

ನಮ್ಮ ಉತ್ತರ ಕರ್ನಾಟಕದ ಮದುವೆಗಳಲ್ಲಿ ಒಡಪು ಹೇಳಿಸುವ ಪದ್ಧತಿಯೊಂದಿದೆ. ಹೊಸ ಮದುಮಗಳು ಹೊಸ್ತಿಲಲ್ಲಿ ನಿಂತಾಗ ನಾದಿನಿಯರು ಬಾಗಿಲಿಗೆ ಅಡ್ಡಗಟ್ಟುತ್ತಾರೆ. ಗಂಡನ ಹೆಸರು ಹೇಳದ ಹೊರತು ಒಳಗೆ ಬಿಡುವುದಿಲ್ಲ. ಉಳಿದ ದಿನಗಳಲ್ಲಿ ಬಾಯಿಬಿಟ್ಟು ಉಚ್ಚರಿಸಬಾರದೆಂದಿದ್ದ ಹೆಸರನ್ನು ಅಂದು ಎಲ್ಲರೆದುರಿಗೆ ಹೇಳಬೇಕು. ಅವಳು ಪ್ರಾಸದ ಎರಡು ಸಾಲುಗಳ ಮರೆಯಲ್ಲಿ ಆ ಹೆಸರನ್ನು ಅಡಗಿಸಿ ಹೇಳುತ್ತಾಳೆ, ನೆರೆದವರು ನಗುತ್ತಾರೆ, ಬಾಗಿಲು ತೆರೆಯುತ್ತದೆ. ವಧೂವರರ ನಡುವಣ ಹೊಸ ಸಲಿಗೆಯು ಇಲ್ಲಿ ಒಂದು ಕ್ಷಣ ಬಹಿರಂಗವಾಗುತ್ತದೆ. ಆದರೆ ಅದನ್ನು ನೋಡುವವರು ಯಾರು, ಎಲ್ಲಿ ನಿಂತಿದ್ದಾರೆ, ಏಕೆ ನಗುತ್ತಿದ್ದಾರೆ ಎಂಬುದು ಮದುಮಗಳಿಗೆ ತಿಳಿದಿದೆ. ನಾಳೆ ಅವರದೇ ಮನೆಯ ಹುಡುಗಿಯರೂ ಮತ್ತೊಂದು ಹೊಸ್ತಿಲಲ್ಲಿ ಹೀಗೆಯೇ ನಿಲ್ಲುವವರು.

ಇದೇ ಪರಿಸ್ಥಿತಿಯು ಚಲಚ್ಚಿತ್ರದಲ್ಲಿ ಬಂದಾಗ ಏನಾಗುತ್ತದೆ? ಅಲ್ಲಿಯೂ ಇಬ್ಬರು ಹತ್ತಿರವಾಗುತ್ತಾರೆ, ಮೂರನೆಯವನು ನೋಡುತ್ತಾನೆ, ನಗೆ ಹುಟ್ಟುತ್ತದೆ. ಆದರೆ ಆ ಮೂರನೆಯವನು ಕತ್ತಲೆಯಲ್ಲಿ ಕುಳಿತಿದ್ದಾನೆ. ಅವನ ಪರವಾಗಿ ನೋಡುವುದು ಕ್ಯಾಮೆರಾ. ಅದು ಎಷ್ಟು ದೂರದಲ್ಲಿ ನಿಂತಿದೆ, ಯಾವಾಗ ಹತ್ತಿರ ಬರುತ್ತದೆ, ಯಾವಾಗ ಕಣ್ಣು ಮುಚ್ಚುತ್ತದೆ ಎಂಬುದರ ಮೇಲೆ ನಗೆಯು ಯಾರ ಮೇಲೆ ಬೀಳುವುದೆಂಬುದು ನಿರ್ಣಯವಾಗುತ್ತದೆ. ೧೮೯೬ರಿಂದ ೧೯೨೪ರವರೆಗಿನ ಕೆಲವು ಕಿರು ನಗೆಚಿತ್ರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿ, ಹೈದರಾಬಾದು ಸಂಸ್ಥಾನದ ಪ್ರಜೆಗಳಾಗಿದ್ದ ನಮ್ಮ ಹಿರಿಯರ ಕಾಲಕ್ಕೆ ಅವುಗಳ ಸಂಬಂಧವನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ನಿಶ್ಚಲವಾದ ಕ್ಯಾಮೆರಾ

೧೮೯೬ರಲ್ಲಿ ಎಡಿಸನ್ ಸಂಸ್ಥೆಯವರು 'ದಿ ಕಿಸ್' ಎಂಬ ಚಿತ್ರವನ್ನು ತಯಾರಿಸಿದರು. ತೆಗೆದವನು ವಿಲಿಯಂ ಹೈಸ್. ಅಭಿನಯಿಸಿದವರು ಮೇ ಅರ್ವಿನ್ ಮತ್ತು ಜಾನ್ ರೈಸ್. 'ದಿ ವಿಡೋ ಜೋನ್ಸ್' ಎಂಬ ಸಂಗೀತ ಹಾಸ್ಯನಾಟಕದ ಕೊನೆಯ ಮುತ್ತಿನ ಸನ್ನಿವೇಶವನ್ನು ಅದೇ ನಟರು ಕ್ಯಾಮೆರಾದ ಮುಂದೆ ಮತ್ತೆ ಆಡಿ ತೋರಿಸಿದರು. ಚಿತ್ರವು ಅರ್ಧ ನಿಮಿಷವನ್ನೂ ಮುಟ್ಟುವುದಿಲ್ಲ. ಇಬ್ಬರೂ ನಡುವಯಸ್ಸಿನವರು, ಕೆನ್ನೆಗೆ ಕೆನ್ನೆ ತಾಗಿಸಿಕೊಂಡು ಮಾತನಾಡುತ್ತಾರೆ, ಪುರುಷನು ಮುತ್ತಿಡುವ ಮೊದಲು ತನ್ನ ಮೀಸೆಯನ್ನು ಎರಡೂ ಕೈಗಳಿಂದ ನೇವರಿಸಿ ಸರಿಪಡಿಸಿಕೊಳ್ಳುತ್ತಾನೆ. ಈ ಮೀಸೆಯ ಸಿದ್ಧತೆಯೇ ಚಿತ್ರದ ಹಾಸ್ಯ. ಪ್ರಣಯದ ಉತ್ಕಟತೆಯ ಸ್ಥಾನದಲ್ಲಿ ಊಟಕ್ಕೆ ಕುಳಿತವನ ಶಿಸ್ತು ಕಾಣುತ್ತದೆ.

ನಾಟಕಶಾಲೆಯಲ್ಲಿ ಯಾರನ್ನೂ ಕೆರಳಿಸದೆ ನಡೆದುಹೋಗುತ್ತಿದ್ದ ಈ ಸನ್ನಿವೇಶವು ಪರದೆಯ ಮೇಲೆ ಬಂದಾಗ ಶಿಕಾಗೊ ನಗರದ ಒಂದು ಪತ್ರಿಕೆಯಲ್ಲಿ ಕಟುವಾದ ಖಂಡನೆಗೆ ಗುರಿಯಾಯಿತು. ಕ್ರಿಯೆ ಅದೇ, ನಟರು ಅವರೇ. ಬದಲಾದುದು ಎರಡು ಸಂಗತಿಗಳು ಮಾತ್ರ. ಮೊದಲನೆಯದು ಗಾತ್ರ. ರಂಗಸ್ಥಲದಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೆ ನಟನ ಮುಖವು ಹೆಬ್ಬೆರಳಿನಷ್ಟು ಕಾಣುತ್ತದೆ. ಎದೆಯ ಮಟ್ಟದಿಂದ ಮೇಲಕ್ಕೆ ಮಾತ್ರ ತೆಗೆದ ಈ ಚಿತ್ರದಲ್ಲಿ ಮುಖಗಳು ಗೋಡೆಯನ್ನೇ ತುಂಬಿದುವು. ಎರಡನೆಯದು ಪುನರಾವೃತ್ತಿ. ಆ ಕಾಲದ ಎಡಿಸನ್ ಯಂತ್ರದಲ್ಲಿ ಚಿತ್ರಪಟ್ಟಿಯ ಎರಡು ತುದಿಗಳನ್ನು ಅಂಟಿಸಿ ಬಳೆಯಂತೆ ಸುತ್ತಿಸುತ್ತಿದ್ದುದರಿಂದ ಅದೇ ಮುತ್ತು ಮತ್ತೆ ಮತ್ತೆ ತಿರುಗಿ ಬರುತ್ತಿತ್ತು. ಮೀಸೆ ಸರಿಪಡಿಸಿಕೊಳ್ಳುವುದು, ಮುತ್ತಿಡುವುದು, ಮತ್ತೆ ಮೀಸೆ ಸರಿಪಡಿಸಿಕೊಳ್ಳುವುದು. ಮನುಷ್ಯನ ಅತ್ಯಂತ ಖಾಸಗಿಯಾದ ಕ್ರಿಯೆಯು ಗಡಿಯಾರದ ಗೊಂಬೆಯ ಚಲನೆಯಂತಾಯಿತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಕ್ಯಾಮೆರಾ ಇನ್ನೂ ಯಾವ ಅಭಿಪ್ರಾಯವನ್ನೂ ಹೇಳುತ್ತಿಲ್ಲ. ಅದು ಅಲುಗಾಡದೆ ನೋಡುತ್ತದೆ, ಅಷ್ಟೆ. ಆದರೆ ಹೀಗೆ ಎವೆಯಿಕ್ಕದೆ ನೋಡುವುದೇ ಸಂಕೋಚವನ್ನು ಹುಟ್ಟಿಸಲು ಸಾಕಾಯಿತು. ನಮ್ಮ ಹಳ್ಳಿಗಳಲ್ಲಿ ಹೊಸ ದಂಪತಿಗಳು ಎದುರಿಗೆ ಬಂದರೆ ಹಿರಿಯರು ಮುಖ ಪಕ್ಕಕ್ಕೆ ತಿರುಗಿಸುವರಷ್ಟೆ. ಆ ಸೌಜನ್ಯವು ಯಂತ್ರಕ್ಕೆ ಇರಲಿಲ್ಲ.

೩. ಸುರಂಗದ ಕತ್ತಲೆ

ಯಂತ್ರಕ್ಕೆ ಇಲ್ಲದ ಆ ಸೌಜನ್ಯವನ್ನು ಮೊದಲು ಒದಗಿಸಿದುದು ರೈಲುಮಾರ್ಗದ ಸುರಂಗ. ಇಂಗ್ಲೆಂಡಿನ ಸಮುದ್ರತೀರದ ಬ್ರೈಟನ್ ಪ್ರದೇಶದ ಜಿ. ಎ. ಸ್ಮಿತ್ ಎಂಬುವನು ೧೮೯೯ರಲ್ಲಿ 'ದಿ ಕಿಸ್ ಇನ್ ದಿ ಟನಲ್' ಎಂಬ ಚಿತ್ರವನ್ನು ತೆಗೆದನು. ಅದರಲ್ಲಿ ಅವನೂ ಅವನ ಪತ್ನಿ ಲಾರಾ ಬೇಲಿಯೂ ಅಭಿನಯಿಸಿದ್ದಾರೆ. ಆಗ ರೈಲಿನ ಎಂಜಿನ್ನಿನ ಮುಂಭಾಗದಲ್ಲಿ ಕ್ಯಾಮೆರಾ ಕಟ್ಟಿ ತೆಗೆದ ಪ್ರಯಾಣದ ಚಿತ್ರಗಳು ಜನಪ್ರಿಯವಾಗಿದ್ದುವು. ಅಂತಹ ಚಿತ್ರದಲ್ಲಿ ರೈಲು ಸುರಂಗವನ್ನು ಹೊಕ್ಕೊಡನೆ ಪರದೆಯು ಕಪ್ಪಾಗುತ್ತಿತ್ತು. ಆ ಕಪ್ಪಿನ ನಡುವೆ ತನ್ನ ಚಿತ್ರದ ತುಂಡನ್ನು ಸೇರಿಸಬೇಕೆಂಬುದು ಸ್ಮಿತ್ತನ ಉಪಾಯ. ಹೊರಗೆ ರೈಲು ಕತ್ತಲೆಯನ್ನು ಹೊಗುತ್ತದೆ. ಒಳಗೆ ಡಬ್ಬಿಯಲ್ಲಿ ಗಂಡುಹೆಣ್ಣು ಅವಸರದಿಂದ ಮುತ್ತಿಡುತ್ತಾರೆ. ಹೊರಗೆ ಬೆಳಕು ಬರುತ್ತದೆ. ಅದೇ ವರ್ಷ ಯಾರ್ಕ್‌ಷೈರಿನ ಬ್ಯಾಮ್‌ಫೋರ್ತ್ ಸಂಸ್ಥೆಯವರು ಇದೇ ವಸ್ತುವನ್ನು ಮೂರು ದೃಶ್ಯಗಳಲ್ಲಿ ತಾವೇ ತೆಗೆದರು: ಸುರಂಗವನ್ನು ಹೊಗುವ ರೈಲು, ಒಳಗಿನ ಜೋಡಿ, ನಿಲ್ದಾಣವನ್ನು ಸೇರುವ ರೈಲು.

ಚಲಚ್ಚಿತ್ರದ ಸಂಕಲನಕಲೆಯ ಇತಿಹಾಸವನ್ನು ಬರೆಯುವವರು ಈ ಎರಡು ಚಿತ್ರಗಳನ್ನು ಬಿಡುವುದಿಲ್ಲ. ಹೊರಗಿನ ದೃಶ್ಯವೊಂದು, ಒಳಗಿನ ದೃಶ್ಯವೊಂದು, ಮತ್ತೆ ಹೊರಗಿನದೊಂದು, ಇವು ಸೇರಿ ಒಂದೇ ಕಾಲದ ಒಂದೇ ಕಥೆಯಾಗುವುದನ್ನು ಪ್ರೇಕ್ಷಕರು ಕಲಿತುದು ಇಂತಹ ಚಿತ್ರಗಳಿಂದ. ಆದರೆ ಈ ಕಲೆಯ ಆರಂಭದ ಪಾಠಗಳಲ್ಲೊಂದು ಸಲಿಗೆಯ ಸಂಕೋಚವನ್ನು ಕುರಿತದ್ದಾಗಿರುವುದು ಆಕಸ್ಮಿಕವೆಂದು ತೋರುವುದಿಲ್ಲ. 'ಹೊರಗೆ' ಮತ್ತು 'ಒಳಗೆ' ಎಂಬ ಭೇದವು ಸಂಕಲನಕ್ಕೆ ಎಷ್ಟು ಅವಶ್ಯಕವೋ ಲಜ್ಜೆಗೂ ಅಷ್ಟೇ ಅವಶ್ಯಕ. ಗಾಂಭೀರ್ಯದ ವೇಷ ತೊಟ್ಟ ಸಭ್ಯ ದಂಪತಿಗಳು ಕತ್ತಲೆಯ ಕೆಲವು ಕ್ಷಣಗಳಲ್ಲಿ ಮಾತ್ರ ಗಂಡಹೆಂಡಿರಾಗಿ, ಬೆಳಕು ಬಂದೊಡನೆ ಮತ್ತೆ ಅಪರಿಚಿತರಂತೆ ಕುಳಿತುಕೊಳ್ಳುವುದು ಆ ಕಾಲದ ಇಂಗ್ಲೆಂಡಿನ ಮಧ್ಯಮವರ್ಗದ ಮೇಲಿನ ಮೃದುವಾದ ವಿಡಂಬನೆ.

ಆದರೆ ಕತ್ತಲೆಯು ಎಲ್ಲರಿಗೂ ಒಂದೇ ವಿಧವಾದ ಆಶ್ರಯವನ್ನು ಕೊಡಲಿಲ್ಲ. ೧೯೦೩ರಲ್ಲಿ ಎಡಿಸನ್ ಸಂಸ್ಥೆಗಾಗಿ ಎಡ್ವಿನ್ ಎಸ್. ಪೋರ್ಟರ್ ತೆಗೆದ 'ವಾಟ್ ಹ್ಯಾಪನ್ಡ್ ಇನ್ ದಿ ಟನಲ್' ಎಂಬ ಚಿತ್ರವನ್ನು ನೋಡಬೇಕು. ರೈಲಿನಲ್ಲಿ ಒಬ್ಬ ಯುವತಿಯೂ ಅವಳ ಸೇವಕಿಯಾದ ಕರಿಯ ಮಹಿಳೆಯೂ ಕುಳಿತಿದ್ದಾರೆ. ಹಿಂದಿನ ಆಸನದ ಪುರುಷನು ಯುವತಿಯ ಕೈ ಹಿಡಿಯಲು ಹವಣಿಸುತ್ತಾನೆ. ಸುರಂಗ ಬರುತ್ತದೆ, ಪರದೆಯು ಕಪ್ಪಾಗುತ್ತದೆ. ಬೆಳಕು ಬಂದಾಗ ಅವನು ಮುತ್ತಿಡುತ್ತಿರುವುದು ಸೇವಕಿಗೆ. ಕತ್ತಲೆಯಲ್ಲಿ ಹೆಂಗಸರಿಬ್ಬರೂ ಸ್ಥಳ ಬದಲಾಯಿಸಿಕೊಂಡಿದ್ದಾರೆ. ಅವರು ನಗುತ್ತಾರೆ, ಅವನು ವೃತ್ತಪತ್ರಿಕೆಯ ಮರೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಾನೆ.

ಬಲವಂತದ ಸಲಿಗೆಗೆ ಕೈಹಾಕಿದವನು ಅಪಹಾಸ್ಯಕ್ಕೀಡಾದನೆಂಬುದು ಈ ಚಿತ್ರದ ಒಂದು ಮುಖ. ಇನ್ನೊಂದು ಮುಖವು ಅಷ್ಟು ಹಿತಕರವಾದುದಲ್ಲ. ಕರಿಯ ಮಹಿಳೆಯ ಕೆನ್ನೆಯು ಬಿಳಿಯ ಪುರುಷನಿಗೆ ಶಿಕ್ಷೆಯೆಂದು ಪ್ರೇಕ್ಷಕನು ಮೊದಲೇ ಒಪ್ಪಿಕೊಂಡಿದ್ದರೆ ಮಾತ್ರ ಈ ಹಾಸ್ಯವು ನಡೆಯುತ್ತದೆ. ವರ್ಣಭೇದವು ಕಾಯಿದೆಯ ಬಲದಿಂದ ಬೇರೂರುತ್ತಿದ್ದ ಕಾಲದ ಅಮೆರಿಕದಲ್ಲಿ ಆ ಒಪ್ಪಿಗೆಯು ಸಿದ್ಧವಾಗಿಯೇ ಇತ್ತು. ಸೇವಕಿಯೂ ನಗುತ್ತಾಳೆಂಬುದು ನಿಜ. ಆದರೆ ಆ ಮುತ್ತಿಗೆ ಅವಳ ಒಪ್ಪಿಗೆಯನ್ನು ಕೇಳಿದವರು ಚಿತ್ರದ ಒಳಗಾಗಲಿ ಹೊರಗಾಗಲಿ ಯಾರೂ ಇಲ್ಲ. ಹೀಗೆ ಒಂದೇ ತಂತ್ರವು, ಎಂದರೆ ಪರದೆಯನ್ನು ಕಪ್ಪುಮಾಡುವ ತಂತ್ರವು, ೧೮೯೯ರಲ್ಲಿ ದಂಪತಿಗಳ ಮೇಲೆ ಕರುಣೆಯ ಮುಸುಕಾಯಿತು. ೧೯೦೩ರಲ್ಲಿ ಒಬ್ಬಳ ಮೇಲಣ ಅವಮಾನವನ್ನು ಅಡಗಿಸಿದ ಮುಸುಕಾಯಿತು.

೪. ದುರ್ಬೀನು ಮತ್ತು ಪಾದರಕ್ಷೆ

ಸ್ಮಿತ್ತನೇ ೧೯೦೦ರಲ್ಲಿ ತೆಗೆದ 'ಆ್ಯಸ್ ಸೀನ್ ಥ್ರೂ ಎ ಟೆಲಿಸ್ಕೋಪ್' ಎಂಬ ಚಿತ್ರವು ನಮ್ಮ ವಾದಕ್ಕೆ ಬಹು ಮುಖ್ಯವಾದುದು. ಬೀದಿಯಲ್ಲಿ ಒಬ್ಬ ಮುದುಕನು ದುರ್ಬೀನು ಹಿಡಿದಿದ್ದಾನೆ. ದೂರದಲ್ಲಿ ಯುವಕನೊಬ್ಬನು ಬೈಸಿಕಲ್ಲಿನೊಡನೆ ನಿಂತ ಯುವತಿಯ ಷೂವಿನ ದಾರವನ್ನು ಕಟ್ಟಿಕೊಡಲು ಬಗ್ಗುತ್ತಾನೆ. ಒಡನೆಯೇ ಪರದೆಯ ಮೇಲೆ ಕಪ್ಪಿನ ನಡುವೆ ಒಂದು ದುಂಡನೆಯ ಬೆಳಕು ಮೂಡಿ, ಅದರಲ್ಲಿ ಯುವತಿಯ ಕಣಕಾಲೂ ಯುವಕನ ಕೈಯೂ ದೊಡ್ಡದಾಗಿ ಕಾಣುತ್ತವೆ. ಮುದುಕನ ಕಣ್ಣು ನಮ್ಮ ಕಣ್ಣಾಯಿತು. ಮತ್ತೆ ದೂರದ ದೃಶ್ಯ. ಜೋಡಿಯು ಮುದುಕನ ಬಳಿ ಹಾದುಹೋಗುವಾಗ ಯುವಕನು ಅವನಿಗೆ ಹೊಡೆದು ಕುಳಿತಲ್ಲಿಂದ ಕೆಡವುತ್ತಾನೆ.

ಮೂರೇ ದೃಶ್ಯಗಳ ಈ ಚಿತ್ರದಲ್ಲಿ ನಗೆಯ ದಿಕ್ಕು ಬದಲಾಗುವುದನ್ನು ಕಾಣಬಹುದು. ಎರಡನೆಯ ದೃಶ್ಯದಲ್ಲಿ ಪ್ರೇಕ್ಷಕನು ಮುದುಕನ ಸಂಗಾತಿ. ಮೂರನೆಯದರಲ್ಲಿ ಮುದುಕನಿಗೆ ಬಿದ್ದ ಏಟು ಅವನಿಗೂ ಬೀಳಬೇಕಾದುದು. ಆದರೆ ಅವನು ನಕ್ಕು ಪಾರಾಗುತ್ತಾನೆ. ನೋಡುವವನನ್ನೇ ವಿಡಂಬನೆಗೆ ಗುರಿಮಾಡುವ ಈ ಯುಕ್ತಿಯು, ಕ್ಯಾಮೆರಾಕ್ಕೆ ತನ್ನ ಮರ್ಯಾದೆಯ ಪ್ರಶ್ನೆಯು ಎದುರಾಯಿತೆಂಬುದಕ್ಕೆ ಮೊದಲ ಗುರುತುಗಳಲ್ಲೊಂದು.

ಮೂರು ವರ್ಷಗಳ ತರುವಾಯ ಪೋರ್ಟರನು 'ದಿ ಗೇ ಷೂ ಕ್ಲರ್ಕ್' ಎಂಬ ಚಿತ್ರದಲ್ಲಿ ಪಾದರಕ್ಷೆಯ ಅಂಗಡಿಯನ್ನು ಆರಿಸಿಕೊಂಡನು. ಯುವತಿಯು ಕಾಲು ಮುಂದೆ ಚಾಚುತ್ತಾಳೆ. ಗುಮಾಸ್ತನು ಷೂ ತೊಡಿಸುತ್ತಾನೆ. ಆಗ ಸಮೀಪ ದೃಶ್ಯ: ಪಾದ, ಗುಮಾಸ್ತನ ಕೈಗಳು, ಮೆಲ್ಲನೆ ಮೇಲೇರುವ ಉಡುಪಿನ ಅಂಚು. ಮತ್ತೆ ದೂರದ ದೃಶ್ಯ: ಗುಮಾಸ್ತನು ಯುವತಿಗೆ ಮುತ್ತಿಡುತ್ತಾನೆ, ಜೊತೆಗೆ ಬಂದಿದ್ದ ಹಿರಿಯ ಹೆಂಗಸು ಓದುತ್ತಿದ್ದ ಪತ್ರಿಕೆಯಿಂದ ತಲೆಯೆತ್ತಿ ಅವನನ್ನು ಕೊಡೆಯಿಂದ ಬಡಿಯುತ್ತಾಳೆ. ಇಲ್ಲಿ ದುರ್ಬೀನಿಲ್ಲ, ನೋಡುವ ಮುದುಕನಿಲ್ಲ. ಕ್ಯಾಮೆರಾ ಯಾರ ಹೆಸರನ್ನೂ ಮುಂದೊಡ್ಡದೆ ತಾನಾಗಿಯೇ ಹತ್ತಿರ ಹೋಗಿದೆ. ತಂತ್ರದ ದೃಷ್ಟಿಯಿಂದ ಇದು ಮುನ್ನಡೆ. ಆದರೆ ನೋಡುವವನು ಹೊಡೆತದಿಂದ ತಪ್ಪಿಸಿಕೊಂಡದ್ದೂ ಇಲ್ಲಿಂದಲೇ. ಅಂದಿನಿಂದ ಪ್ರೇಕ್ಷಕನು ಕಾಣದವನಾಗಿ, ಹೊಣೆಯಿಲ್ಲದವನಾಗಿ ನೋಡಬಲ್ಲವನಾದನು.

ಕಾವಲಿಗೆಂದು ಬಂದ ಹೆಂಗಸು ಈ ಚಿತ್ರದಲ್ಲಿ ಒಂದು ಐತಿಹಾಸಿಕ ಸಾಕ್ಷ್ಯವೂ ಹೌದು. ಅವಿವಾಹಿತೆಯೊಬ್ಬಳು ಅಂಗಡಿಗೆ ಹೋಗಬೇಕಾದರೂ ಹಿರಿಯಳೊಬ್ಬಳು ಜೊತೆಗಿರಬೇಕೆಂಬ ಕಟ್ಟುಪಾಡು ಪಾಶ್ಚಾತ್ಯ ನಗರಗಳಲ್ಲಿಯೂ ಇದ್ದಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು. ಕಾಲನ್ನು ಮುಟ್ಟುವುದರ ಸುತ್ತ ಅಲ್ಲಿದ್ದಷ್ಟೇ ಸಂಕೋಚ ನಮ್ಮಲ್ಲಿಯೂ ಉಂಟು. ಮದುವೆಯಲ್ಲಿ ವರನು ವಧುವಿನ ಪಾದವನ್ನು ಹಿಡಿದು ಕಲ್ಲಿನ ಮೇಲಿರಿಸುವ, ಕಾಲುಂಗುರ ತೊಡಿಸುವ ವಿಧಿಗಳು ಬಂದಾಗ ಸುತ್ತಲಿನವರು ಕಿಲಕಿಲನೆ ನಗುವುದು ಆ ಕಾರಣದಿಂದಲೇ.

೫. ಎರಡು ಸುರುಳಿಯ ನಗೆಚಿತ್ರಗಳು

೧೯೧೦ರ ತರುವಾಯದ ದಶಕದಲ್ಲಿ ಅಮೆರಿಕದ ನಗೆಚಿತ್ರವು ಸಾಮಾನ್ಯವಾಗಿ ಒಂದು ಅಥವಾ ಎರಡು ಸುರುಳಿಗಳ ಪ್ರಮಾಣಕ್ಕೆ ನಿಂತಿತು. ಒಂದು ಸುರುಳಿ ಎಂದರೆ ಸುಮಾರು ೧೦೦೦ ಅಡಿ. ಎರಡು ಸುರುಳಿಗಳಿಗೆ ಸುಮಾರು ೨೦ರಿಂದ ೩೦ ನಿಮಿಷ. ಈ ಅಳತೆಯೊಳಗೆ ಚಾರ್ಲಿ ಚಾಪ್ಲಿನ್ ಮತ್ತು ಬಸ್ಟರ್ ಕೀಟನ್ ಇವರು ಮಾಡಿದ ಕೆಲವು ಪ್ರಯೋಗಗಳು ಹಿಂದಿನ ತಂತ್ರಗಳನ್ನೆಲ್ಲ ಒಳಗೊಂಡು ಮುಂದುವರಿದಿವೆ.

ಚಾಪ್ಲಿನ್ನನ 'ಬಿಹೈಂಡ್ ದಿ ಸ್ಕ್ರೀನ್' (೧೯೧೬) ಚಿತ್ರದಲ್ಲಿ ಎಡ್ನಾ ಪರ್ವಿಯನ್ಸ್ ಗಂಡುವೇಷ ಧರಿಸಿ ಚಿತ್ರಶಾಲೆಯ ಕೆಲಸಗಾರಳಾಗಿದ್ದಾಳೆ. ಅವಳು ಹೆಣ್ಣೆಂಬುದು ಚಾರ್ಲಿಗೆ ತಿಳಿಯುತ್ತದೆ; ನಮಗೂ ತಿಳಿದಿದೆ. ಅವರ ಮುತ್ತನ್ನು ಕಂಡ ಸ್ಥೂಲಕಾಯದ ಮೇಲಾಳಿಗೆ ಮಾತ್ರ ತಿಳಿದಿಲ್ಲ. ಅವನು ಇಬ್ಬರು ಗಂಡಸರೆಂದು ಭಾವಿಸಿ ಕುಣಿಕುಣಿದು ಅಣಕಿಸುತ್ತಾನೆ. ಸಲಿಗೆಗೆ ಪ್ರೇಕ್ಷಕನು ಕೊಡುವ ಅರ್ಥವು ಅವನಿಗೆ ಗೊತ್ತಿರುವ ಸಂಗತಿಯನ್ನು ಅವಲಂಬಿಸಿದೆಯೆಂಬುದನ್ನು ಒಂದೇ ಚೌಕಟ್ಟಿನಲ್ಲಿ ಮೂವರನ್ನು ನಿಲ್ಲಿಸಿ ಚಾಪ್ಲಿನ್ ತೋರಿಸಿದನು. ಅಣಕಿಸುವವನು ಇಲ್ಲಿ ಅಜ್ಞಾನಿ. ಆದರೂ ಅವನ ಅಣಕಕ್ಕೆ ಚಿತ್ರಮಂದಿರವು ನಕ್ಕಿದ್ದರೆ, ಆ ನಗೆಯಲ್ಲಿ ಅವನ ಪೂರ್ವಗ್ರಹದ ಪಾಲೂ ಇದ್ದಿತೆಂದು ಒಪ್ಪಬೇಕು.

'ದಿ ಐಡ್ಲ್ ಕ್ಲಾಸ್' (೧೯೨೧) ಚಿತ್ರದಲ್ಲಿ ಕುಡುಕನಾದ ಶ್ರೀಮಂತ ಪತಿಗೆ, ಅವನು ಕುಡಿತ ಬಿಡುವವರೆಗೆ ತಾನು ಬೇರೆ ವಾಸಿಸುವೆನೆಂದು ಪತ್ನಿಯ ಪತ್ರ ಬರುತ್ತದೆ. ಅವನು ನಮಗೆ ಬೆನ್ನು ಮಾಡಿ ಅವಳ ಭಾವಚಿತ್ರದ ಕಡೆಗೆ ತಿರುಗುತ್ತಾನೆ. ಭುಜಗಳು ಕುಲುಕುತ್ತವೆ, ಬಿಕ್ಕಿ ಬಿಕ್ಕಿ ಅಳುತ್ತಿದ್ದಾನೆಂದು ನಮಗೆ ಮರುಕವುಂಟಾಗುತ್ತದೆ. ಅವನು ತಿರುಗಿದಾಗ ಕೈಯಲ್ಲಿರುವುದು ಮದ್ಯವನ್ನು ಕಲಸುವ ಪಾತ್ರೆ. ಅದನ್ನು ಕುಲುಕುತ್ತಿದ್ದುದರಿಂದ ಭುಜ ಅಲುಗಿತು. ಇಲ್ಲಿ ಸಂಕಲನವಿಲ್ಲ, ಸಮೀಪ ದೃಶ್ಯವಿಲ್ಲ. ಕ್ಯಾಮೆರಾ ನಿಂತ ಸ್ಥಳವೇ ತಂತ್ರ. ಸಭ್ಯ ದಾಂಪತ್ಯವು ಹೊರನೋಟಕ್ಕೆ ಒಂದು, ಒಳಗೊಂದು ಎಂಬುದನ್ನು ಇಷ್ಟು ಮಿತವ್ಯಯದಿಂದ ಹೇಳಿದ ಉದಾಹರಣೆಗಳು ವಿರಳ. ವಿಡಂಬನೆಗೆ ಗುರಿಯಾದುದು ಪತಿಯೊಡನೆ ನಮ್ಮ ಆತುರದ ಮರುಕವೂ ಹೌದು.

ಕೀಟನ್ನನ 'ದಿ ಸ್ಕೇರ್‌ಕ್ರೋ' (೧೯೨೦) ಚಿತ್ರದಲ್ಲಿ ಷೂವಿನ ದಾರವು ಮತ್ತೆ ಬರುತ್ತದೆ. ನಾಯಕನು ತನ್ನ ದಾರವನ್ನು ಕಟ್ಟಿಕೊಳ್ಳಲು ಒಂದು ಮೊಣಕಾಲೂರುತ್ತಾನೆ; ಅವನು ಮದುವೆಯ ಪ್ರಸ್ತಾಪ ಮಾಡುತ್ತಿದ್ದಾನೆಂದು ಯುವತಿಯು ತಿಳಿಯುತ್ತಾಳೆ. ಅವನೂ ಹಿಂಜರಿಯುವುದಿಲ್ಲ. ಮೋಟಾರು ಬೈಸಿಕಲ್ಲಿನ ಮೇಲೆ ಓಡುತ್ತಲೇ ದಾರಿಯಲ್ಲಿ ಸಿಕ್ಕ ಪಾದ್ರಿಯೊಬ್ಬನಿಂದ ಮದುವೆ ನಡೆಯುತ್ತದೆ. ಉಂಗುರದ ಸ್ಥಾನದಲ್ಲಿ ವಾಹನದ ಒಂದು ನಟ್ಟು. ಕೊನೆಗೆ ಎಲ್ಲರೂ ನೀರಿಗೆ ಬೀಳುತ್ತಾರೆ. ಮೊಣಕಾಲೂರಿ ಪ್ರೇಮವನ್ನು ನಿವೇದಿಸುವ ಪಾಶ್ಚಾತ್ಯ ವಿಧಿಯು ಎಷ್ಟರಮಟ್ಟಿಗೆ ಬರಿಯ ಭಂಗಿಯಾಗಿತ್ತೆಂಬುದಕ್ಕೆ ಇದು ಟೀಕೆ. ಆದರೆ ಜೋಡಿಯನ್ನು ಚಿತ್ರವು ಹೀಯಾಳಿಸುವುದಿಲ್ಲ. ಆ ಭಂಗಿ ಸುಳ್ಳಾದರೂ ಒಪ್ಪಿಗೆ ನಿಜ.

ಅದೇ ವರ್ಷದ 'ಒನ್ ವೀಕ್' ಚಿತ್ರವು ನವದಂಪತಿಗಳ ಮೊದಲ ವಾರದ ಕಥೆ. ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬಂದ ಮನೆಯನ್ನು ಅವರು ತಾವೇ ಜೋಡಿಸಬೇಕು. ಹುಡುಗಿಯಿಂದ ನಿರಾಕೃತನಾಗಿದ್ದ ಬೇರೊಬ್ಬನು ಪೆಟ್ಟಿಗೆಗಳ ಸಂಖ್ಯೆಗಳನ್ನು ಬದಲಾಯಿಸಿಬಿಡುತ್ತಾನೆ. ಮನೆಯು ವಕ್ರವಾಗುತ್ತದೆ, ಬಿರುಗಾಳಿಯಲ್ಲಿ ಬುಗುರಿಯಂತೆ ತಿರುಗುತ್ತದೆ, ಕಡೆಗೆ ರೈಲು ಬಡಿದು ನುಚ್ಚುನೂರಾಗುತ್ತದೆ. ಇದರ ನಡುವೆ ಒಂದು ಸಣ್ಣ ದೃಶ್ಯವಿದೆ. ಹೆಂಡತಿಯು ಸ್ನಾನದ ತೊಟ್ಟಿಯಲ್ಲಿದ್ದಾಳೆ. ಸಾಬೂನು ಕೈತಪ್ಪಿ ಹೊರಗೆ ಬೀಳುತ್ತದೆ. ಎತ್ತಿಕೊಳ್ಳಬೇಕಾದರೆ ಮೇಲೇಳಬೇಕು. ಅವಳು ನೇರವಾಗಿ ನಮ್ಮ ಕಡೆಗೆ ನೋಡುತ್ತಾಳೆ. ಆಗ ಎಲ್ಲಿಂದಲೋ ಒಂದು ಕೈ ಬಂದು ಕ್ಯಾಮೆರಾದ ಕಣ್ಣನ್ನು ಮುಚ್ಚುತ್ತದೆ. ಕೈ ಸರಿದಾಗ ಅವಳು ಮತ್ತೆ ನೀರಿನಲ್ಲಿ ಕುಳಿತು, ನಮ್ಮ ಕಡೆಗೆ ನಗುತ್ತಿದ್ದಾಳೆ.

೧೮೯೬ರಲ್ಲಿ ಯಂತ್ರಕ್ಕೆ ಇಲ್ಲದಿದ್ದ ಸೌಜನ್ಯವು ೨೪ ವರ್ಷಗಳ ತರುವಾಯ ಒಂದು ಮಾನವಹಸ್ತದ ರೂಪದಲ್ಲಿ ಬಂದಿತು. ಸುರಂಗದ ಕತ್ತಲೆಯಲ್ಲಿ ಪಾತ್ರಗಳಿಗೆ ಗೊತ್ತಿಲ್ಲದಂತೆ ನಾವು ನೋಡುತ್ತಿದ್ದೆವು. ಇಲ್ಲಿ ಅವಳಿಗೆ ನಾವಿರುವುದು ಗೊತ್ತು. ಅವಳಿಗೆ ಗೊತ್ತಿರುವುದು ನಮಗೂ ಗೊತ್ತು. ಸಂಕೋಚವು ಪರದೆಯಿಂದ ಪ್ರೇಕ್ಷಕನ ಆಸನಕ್ಕೆ ದಾಟಿತು. ದುರ್ಬೀನಿನ ಮುದುಕನಿಗೆ ಬಿದ್ದ ಏಟನ್ನು ಇಲ್ಲಿ ಬಲು ಮೃದುವಾಗಿ, ನಗುತ್ತಲೇ, ನಮಗೆ ಕೊಡಲಾಗಿದೆ. ಹೊಸ್ತಿಲಲ್ಲಿ ಒಡಪು ಹೇಳುವ ಮದುಮಗಳು ನಾದಿನಿಯರ ಕಡೆಗೆ ಬೀರುವ ನೋಟವು ಚಲಚ್ಚಿತ್ರಕ್ಕೆ ಬಂದುದು ಆಗ.

೬. ನಿಜಾಮನ ರಾಜ್ಯದಲ್ಲಿ ನಗೆಚಿತ್ರ

ಭಾರತದಲ್ಲಿ ಮೊದಲ ಚಲಚ್ಚಿತ್ರ ಪ್ರದರ್ಶನವು ೧೮೯೬ರ ಜುಲೈ ೭ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಡೆಯಿತು. ೧೯೧೩ರಲ್ಲಿ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ'ವನ್ನು ತೆರೆಗೆ ತಂದಾಗ ತಾರಾಮತಿಯ ಪಾತ್ರವನ್ನು ಸಾಳುಂಕೆ ಎಂಬ ಪುರುಷನೇ ವಹಿಸಬೇಕಾಯಿತು. ಗಂಡಹೆಂಡಿರ ಪಾತ್ರಗಳನ್ನು ಗಂಡಸರೇ ಆಡುತ್ತಿದ್ದಾಗ ದಾಂಪತ್ಯದ ಸಲಿಗೆಯನ್ನು ತೆರೆಯ ಮೇಲೆ ತೋರಿಸುವ ಪ್ರಶ್ನೆಯೇ ಬೇರೆಯಾಗಿತ್ತು.

ಈ ವಿಷಯವನ್ನು ನೇರವಾಗಿ ಕೈಗೆತ್ತಿಕೊಂಡವನು ಬಂಗಾಳದ ಧೀರೇಂದ್ರನಾಥ ಗಂಗೂಲಿ. ಅವನು ನಾಯಕನಾಗಿ ನಟಿಸಿದ 'ಬಿಲಾತ್ ಫೇರತ್' (೧೯೨೧) ಎಂಬ ನಗೆಚಿತ್ರದಲ್ಲಿ ವಿಲಾಯತಿಯಿಂದ ಮರಳಿದ ಯುವಕನೊಬ್ಬನು ಅಲ್ಲಿನ ಪ್ರೇಮವಿವಾಹದ ಕಲ್ಪನೆಗಳನ್ನು ಹೊತ್ತುತಂದು ಮನೆಯವರನ್ನು ಬೆರಗುಗೊಳಿಸುತ್ತಾನೆ. ವಿದೇಶೀ ಸಲಿಗೆಯನ್ನೂ ಸ್ವದೇಶೀ ಸಂಪ್ರದಾಯನಿಷ್ಠೆಯನ್ನೂ ಒಂದೇ ಏಟಿಗೆ ವಿಡಂಬಿಸಿದ ಚಿತ್ರವಿದು. ಮುಂದೆ ಗಂಗೂಲಿ ಹೈದರಾಬಾದಿಗೆ ಬಂದು ನಿಜಾಮನ ಆಶ್ರಯದಲ್ಲಿ ಲೋಟಸ್ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದನು. 'ಲೇಡಿ ಟೀಚರ್', 'ದಿ ಮ್ಯಾರೇಜ್ ಟಾನಿಕ್' ಮುಂತಾದ ನಗೆಚಿತ್ರಗಳೂ 'ಹರಗೌರಿ', 'ಇಂದ್ರಜಿತ್' ಮುಂತಾದ ಪೌರಾಣಿಕಗಳೂ ಅಲ್ಲಿ ತಯಾರಾದುವು. ಅಂದು ಸುರಪುರ, ಶಹಾಪುರ, ಹುಣಸಗಿಗಳು ಅದೇ ನಿಜಾಮನ ರಾಜ್ಯದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದುವು. ೧೮೫೮ರಲ್ಲಿ ರಾಜಾ ವೆಂಕಟಪ್ಪನಾಯಕನ ಪತನದ ತರುವಾಯ ೧೮೬೦ರಲ್ಲಿ ಸುರಪುರದ ಸೀಮೆಯು ಹೈದರಾಬಾದಿಗೆ ಸೇರಿದ್ದಿತು. ಆದುದರಿಂದ ಲೋಟಸ್ ಕಂಪನಿಯ ಕಥೆಯು ನಮ್ಮ ರಾಜಧಾನಿಯ ಕಥೆಯೇ ಆಗಿದೆ.

ಆ ಕಥೆಯು ೧೯೨೪ರಲ್ಲಿ ಥಟ್ಟನೆ ಮುಗಿಯಿತು. 'ರಜಿಯಾ ಬೇಗಂ' ಎಂಬ ಚಿತ್ರವನ್ನು ಗಂಗೂಲಿ ಹೈದರಾಬಾದಿನಲ್ಲಿ ಪ್ರದರ್ಶಿಸಿದನು. ಮುಸಲ್ಮಾನ ರಾಣಿಯೊಬ್ಬಳು ಹಿಂದೂ ಪ್ರಜೆಯೊಬ್ಬನಲ್ಲಿ ಅನುರಕ್ತಳಾಗುವ ವಸ್ತು ಅದರದು. ನಿಜಾಮನು ಕುಪಿತನಾಗಿ ಅವನು ರಾಜ್ಯವನ್ನು ಬಿಟ್ಟುಹೋಗಬೇಕೆಂದು ಆಜ್ಞಾಪಿಸಿದನೆಂದು ಭಾರತೀಯ ಚಲಚ್ಚಿತ್ರದ ಇತಿಹಾಸಗಳು ಹೇಳುತ್ತವೆ. ಗಂಗೂಲಿ ಕಲ್ಕತ್ತೆಗೆ ಮರಳಿದನು, ಕಂಪನಿಯು ಮುಚ್ಚಿತು.

ಈ ಘಟನೆಯ ಐತಿಹಾಸಿಕ ಮಹತ್ವವು ಒಂದು ಚಿತ್ರದ ಭಾಗ್ಯಕ್ಕಿಂತ ದೊಡ್ಡದು. ಮದುವೆಯನ್ನು ಕುರಿತು ನಗಿಸುವ ಚಿತ್ರಗಳು ಅದೇ ರಾಜ್ಯದಲ್ಲಿ ತಯಾರಾದುವು, ಪ್ರದರ್ಶಿತವಾದುವು. ಪ್ರೇಮವನ್ನು ಗಂಭೀರವಾಗಿ, ಅದೂ ಮತಗಳ ಗಡಿಯನ್ನು ದಾಟಿದ ಪ್ರೇಮವನ್ನು ತೋರಿಸಿದೊಡನೆ ಸಿಂಹಾಸನವು ಅಲುಗಾಡಿತು. ನಗೆಗೆ ಒಂದು ಪರವಾನಗಿ ಇದೆ. ಆದರೆ ಆ ಪರವಾನಗಿಗೆ ಎಲ್ಲೆಯೂ ಇದೆ. ನಗೆಯು ಕಟ್ಟುಪಾಡನ್ನು ಒಂದು ಕ್ಷಣ ಸಡಿಲಿಸಿ ಮತ್ತೆ ಬಿಗಿಯಲು ಬಿಡುತ್ತದೆ. ಗಂಭೀರವಾದ ಪ್ರೇಮಕಥೆಯು ಅದನ್ನು ಹಾಗೆ ಬಿಡುವುದಿಲ್ಲ.

ಬ್ರಿಟಿಷ್ ಭಾರತದಲ್ಲಿಯೂ ೧೯೧೮ರ ಸಿನಿಮಾಟೋಗ್ರಾಫ್ ಕಾಯಿದೆಯ ಮೇರೆಗೆ ಪರಿಶೀಲನ ಮಂಡಲಿಗಳು ಏರ್ಪಟ್ಟುವು; ೧೯೨೭-೨೮ರಲ್ಲಿ ಟಿ. ರಂಗಾಚಾರಿಯರ ಅಧ್ಯಕ್ಷತೆಯ ಸಮಿತಿಯು ದೇಶದಾದ್ಯಂತ ಸಾಕ್ಷ್ಯ ಸಂಗ್ರಹಿಸಿತು. ಸ್ವಾತಂತ್ರ್ಯಾನಂತರ ೧೯೫೨ರ ಕಾಯಿದೆ ಬಂದಿತು. ೧೯೬೮ರಲ್ಲಿ ನೇಮಕವಾದ ಖೋಸ್ಲಾ ಸಮಿತಿಯು ೧೯೬೯ರ ತನ್ನ ವರದಿಯಲ್ಲಿ, ಕಥೆಗೆ ಅವಶ್ಯಕವಾದಲ್ಲಿ ಚುಂಬನದ ದೃಶ್ಯವನ್ನು ನಿಷೇಧಿಸಬೇಕಾಗಿಲ್ಲವೆಂದು ಅಭಿಪ್ರಾಯಪಟ್ಟಿತು. ಎಂದರೆ 'ದಿ ಕಿಸ್' ಚಿತ್ರವು ಬಂದು ೭೩ ವರ್ಷಗಳ ಮೇಲೆ ನಮ್ಮಲ್ಲಿ ಆ ವಿಷಯವು ಸಮಿತಿಯೊಂದರ ಗಂಭೀರ ವಿಚಾರಣೆಗೆ ಬಂದಿತು. ಆ ನಡುವಣ ಕಾಲದಲ್ಲಿ ಭಾರತೀಯ ಚಿತ್ರಗಳು ತಮ್ಮದೇ ಆದ 'ಸುರಂಗ'ಗಳನ್ನು ಕಂಡುಕೊಂಡಿದ್ದುವು: ಒಂದನ್ನೊಂದು ತಾಗುವ ಎರಡು ಹೂಗಳು, ಆರಿಹೋಗುವ ದೀಪ, ಮುಚ್ಚುವ ಬಾಗಿಲು.

ಕನ್ನಡದ ಮಟ್ಟಿಗೆ ಎರಡು ಸುರುಳಿಯ ಸ್ವತಂತ್ರ ನಗೆಚಿತ್ರದ ಪರಂಪರೆ ಬೆಳೆಯಲಿಲ್ಲ. ಅದರ ಕಾರ್ಯವನ್ನು ದೀರ್ಘಚಿತ್ರದ ಒಳಗಣ ಹಾಸ್ಯಭಾಗವು ನಿರ್ವಹಿಸಿತು. ೧೯೫೪ರ 'ಬೇಡರ ಕಣ್ಣಪ್ಪ'ದಿಂದ ಮುಂದೆ ನರಸಿಂಹರಾಜು ಅವರು ಅಭಿನಯಿಸಿದ ಎಷ್ಟೋ ಚಿತ್ರಗಳಲ್ಲಿ ನಾಯಕನಾಯಿಕೆಯರ ಪ್ರಣಯವು ಹಾಡಿನ ಮರೆಯಲ್ಲಿ ನಡೆದರೆ, ಹಾಸ್ಯಜೋಡಿಯ ಪ್ರಣಯವು ಮನೆಯ ಪಡಸಾಲೆಯಲ್ಲಿ, ಮಾವನ ಕೆಮ್ಮಿನ ಅಂತರದಲ್ಲಿ ನಡೆಯಿತು. ಈ ವಿಭಾಗವು ಚಲಚ್ಚಿತ್ರಕ್ಕೆ ಮೊದಲೇ ನಮ್ಮ ಸಣ್ಣಾಟಗಳಲ್ಲಿದ್ದಿತು. 'ಕೃಷ್ಣಪಾರಿಜಾತ'ದಲ್ಲಿ ಸತ್ಯಭಾಮೆಯ ವಿರಹವು ಹಾಡಿನಲ್ಲಿ ಬರುತ್ತದೆ. ಅದೇ ವಿರಹವನ್ನು ಆಡುಮಾತಿನಲ್ಲಿ ಕೆಣಕಿ ನಗಿಸುವವಳು ದೂತಿ. ಇಬ್ಬರ ನಡುವೆ ನಿಲ್ಲುವ ಮೂರನೆಯವಳು ಅವಳು. ಆದರೆ ಸಭೆಯೆದುರಿಗೆ, ಬೆಳಕಿನಲ್ಲಿ ನಿಲ್ಲುತ್ತಾಳೆ. ಡೇರೆಯ ಟಾಕೀಸುಗಳಲ್ಲಿ ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ ಎಂದು ನಡುವೆ ತಟ್ಟಿ ಕಟ್ಟುತ್ತಿದ್ದ ಕಾಲದಲ್ಲಿ, ಪರದೆಯ ಮೇಲಣ ಹಾಸ್ಯಜೋಡಿಗೆ ತಟ್ಟಿಯ ಎರಡೂ ಕಡೆಯಿಂದ ಬಂದ ನಗೆಯು ಬಹುಶಃ ಆ ಎರಡು ಕಡೆಯವರು ಸಾರ್ವಜನಿಕವಾಗಿ ಹಂಚಿಕೊಂಡ ಏಕೈಕ ಸಲಿಗೆಯಾಗಿತ್ತು.

೭. ಉಪಸಂಹಾರ

ಈ ಲೇಖಕನು ಹುಣಸಗಿಯ ತನ್ನ ವಿದ್ಯಾರ್ಥಿಗಳಿಗೆ ಮೇಲೆ ಹೇಳಿದ ಚಿತ್ರಗಳಲ್ಲಿ ಕೆಲವನ್ನು ತೋರಿಸಿದ ಪ್ರಸಂಗವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ೧೮೯೬ರ ಮುತ್ತಿಗೆ ಹಿಂದಿನ ಸಾಲಿನ ಹುಡುಗರು ಸಿಳ್ಳು ಹಾಕಿದರು. ಮುಂದಿನ ಸಾಲಿನ ಹುಡುಗಿಯರು ತಲೆ ತಗ್ಗಿಸಿದರು. ಆ ಹೊತ್ತಿನಲ್ಲಿ ನಗೆಯು ಬಿದ್ದುದು ಪರದೆಯ ಮೇಲಿನವರ ಮೇಲಲ್ಲ, ಮುಂದಿನ ಸಾಲಿನವರ ಮೇಲೆ. ೧೯೦೩ರ ಸುರಂಗದ ಚಿತ್ರಕ್ಕೆ ಎಲ್ಲರೂ ನಕ್ಕರು. ಆ ಸೇವಕಿಯನ್ನು ಯಾರಾದರೂ ಕೇಳಿದರೆ ಎಂದು ಪ್ರಶ್ನಿಸಿದಾಗ ತರಗತಿಯು ಮೌನವಾಯಿತು. 'ಒನ್ ವೀಕ್' ಚಿತ್ರದ ಕೈ ಬಂದು ಕ್ಯಾಮೆರಾವನ್ನು ಮುಚ್ಚಿದಾಗ ಎರಡೂ ಸಾಲುಗಳು ಒಟ್ಟಿಗೆ ನಕ್ಕವು. ತಲೆ ತಗ್ಗಿಸಿದವರು ಯಾರೂ ಕಾಣಲಿಲ್ಲ. ಒಬ್ಬ ವಿದ್ಯಾರ್ಥಿನಿಯು, "ಸರ್, ಆಕಿ ನಮ್ಮನ್ನ ನೋಡಿ ನಕ್ಳು, ಅದಕ್ಕ ನಮಗ ನಾಚಿಕಿ ಆಗ್ಲಿಲ್ಲ" ಎಂದಳು. ಈ ಲೇಖನದ ವಾದವನ್ನು ಇದಕ್ಕಿಂತ ಚೊಕ್ಕಟವಾಗಿ ಹೇಳಲು ಸಾಧ್ಯವಾಗಿಲ್ಲ.

ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿಯೂ ಒಂದು ಕ್ಯಾಮೆರಾ ಇದೆ. ಒಂದು ನಿಮಿಷದ ನಗೆಚಿತ್ರಗಳು ಮತ್ತೆ ಬಂದಿವೆ. ೧೮೯೬ರ ಬಳೆಯಂತಹ ಪಟ್ಟಿಯ ಹಾಗೆಯೇ ಅವು ಮುಗಿದೊಡನೆ ಮೊದಲಿನಿಂದ ತಿರುಗುತ್ತವೆ. ಬಸ್ಸಿನ ನಿಲ್ದಾಣದಲ್ಲಿ ಮಾತನಾಡುತ್ತ ನಿಂತ ಇಬ್ಬರನ್ನು ಅವರಿಗೆ ತಿಳಿಯದಂತೆ ಚಿತ್ರಿಸಿ ಊರಿಗೆಲ್ಲ ನಗೆಯ ವಸ್ತುವಾಗಿ ಹಂಚುವುದು ದುರ್ಬೀನಿನ ಮುದುಕನ ಕೆಲಸವೇ ಸರಿ. ಆದರೆ ಅವನನ್ನು ಕೆಡವುವ ಯುವಕನು ಈ ಚಿತ್ರದಲ್ಲಿಲ್ಲ. ಅದರ ಫಲವನ್ನು ಅನುಭವಿಸಬೇಕಾದವಳು ಬಹುಮಟ್ಟಿಗೆ ಹುಡುಗಿ. ಓದನ್ನು ಬಿಡಿಸಿ ಮನೆಯಲ್ಲಿ ಕೂಡಿಸುವುದು ಅವಳನ್ನೇ. ಆದುದರಿಂದ ಕ್ಯಾಮೆರಾ ಎಲ್ಲಿ ನಿಂತಿದೆ, ಯಾರ ಒಪ್ಪಿಗೆಯಿಂದ ನಿಂತಿದೆ, ನಗೆಯು ಯಾರ ಮೇಲೆ ಬೀಳುತ್ತಿದೆ ಎಂಬ ಪ್ರಶ್ನೆಗಳು ಚಲಚ್ಚಿತ್ರದ ಇತಿಹಾಸಕ್ಕೆ ಮಾತ್ರ ಸೇರಿದುವಲ್ಲ.

ಮೊದಲ ಕಾಲು ಶತಮಾನದ ನಗೆಚಿತ್ರಗಳು ಈ ಪ್ರಶ್ನೆಗಳನ್ನು ಎದುರಿಸಿದ ರೀತಿಯಲ್ಲಿ ಏಳುಬೀಳುಗಳುಂಟು. ಅವು ಕೆಲವೊಮ್ಮೆ ಬಲಹೀನರ ಮೇಲೆ ನಕ್ಕವು. ಕೆಲವೊಮ್ಮೆ ಕಾವಲುಗಾರರ ಮೇಲೆ ನಕ್ಕವು. ಒಳ್ಳೆಯ ಗಳಿಗೆಗಳಲ್ಲಿ ನೋಡುವವನ ಮೇಲೆಯೇ ನಕ್ಕವು. ಒಡಪು ಹೇಳಿಸುವ ನಾದಿನಿಯರಿಗೆ ಬಾಗಿಲನ್ನು ಎಷ್ಟು ಹೊತ್ತು ಹಿಡಿದಿರಬೇಕು, ಯಾವಾಗ ಬಿಡಬೇಕು ಎಂಬುದು ತಿಳಿದಿರುತ್ತದೆ. ಕ್ಯಾಮೆರಾ ಹಿಡಿದವರಿಗೂ ಆ ವಿವೇಕವನ್ನು ಕಲಿಸುವುದು ಇತಿಹಾಸದ ಅಧ್ಯಾಪಕರಾದ ನಮ್ಮ ಕೆಲಸಗಳಲ್ಲೊಂದೆಂದು ಭಾವಿಸುತ್ತೇನೆ.